ಇದು ಯಾರ ಕೈ?

ಗೌರಿ ಹಬ್ಬ ಹತ್ತಿರ ಬಂದಾಗ ಮೈಸೂರಿನ ಬಂಬೂ ಬಜಾರಿಗೆ ಹೋದರೆ ರಸ್ತೆಯ ಪಕ್ಕದಲ್ಲಿ ಮೊರಗಳು ಆಳೆತ್ತರಕ್ಕೆ ಪೇರಿಸಿಕೊಂಡು ನಿಂತಿರುತ್ತವೆ. ಕಳೆದ ವರ್ಷ ನಾನು ಹೋದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ನೀಲಿ ಟಾರ್ಪಾಲಿನ ಕೆಳಗೆ ಕಾಲು ಚಾಚಿ ಕುಳಿತ ಹೆಂಗಸೊಬ್ಬರು ಮೊರಕ್ಕೆ ಅಂಚು ಕಟ್ಟುತ್ತಿದ್ದರು. ವಯಸ್ಸು ಅರವತ್ತರ ಆಚೆ ಈಚೆ. ಒಂದು ಜೊತೆಗೆ ಎಷ್ಟು ಎಂದು ಕೇಳಿದೆ. ತಲೆ ಎತ್ತದೆ 180 ರೂಪಾಯಿ ಎಂದರು. ನಾನು 120 ಎಂದೆ. ಐದು ಜೊತೆ ಬೇಕು, ನೋಡಿ ಹೇಳಿ ಎಂದು ಸೇರಿಸಿದೆ. ಹಾಗೆ ಸೇರಿಸುವುದು ನಮ್ಮ ಬಾಯಿಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಆಗ ಅವರು ತಲೆ ಎತ್ತಿದರು. "ಪ್ಲಾಸ್ಟಿಕ್ ಮೊರಕ್ಕೆ ಅಂಗಡಿಯವನು ಹೇಳಿದಷ್ಟು ಕೊಟ್ಟು ಬರುತ್ತೀರಿ ಅಮ್ಮ. ಅದಕ್ಕೆ ಚೀಟಿ ಅಂಟಿಸಿರುತ್ತಾರೆ, ಚೀಟಿಗೆ ಬಾಯಿಲ್ಲ. ನಮಗೆ ಬಾಯಿದೆ, ಅದಕ್ಕೇ ನಮ್ಮ ಹತ್ತಿರ ಚೌಕಾಶಿ."

ಕೋಪದಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿ ಮತ್ತೆ ಅಂಚಿನ ಕಡೆ ತಿರುಗಿದರು. ಕೊನೆಗೆ 150ಕ್ಕೆ ಕುದುರಿತು. ಐದು ಜೊತೆ ಮೊರ ಹೊತ್ತು ಆಟೋ ಹತ್ತಿದೆ. ಉಳಿಸಿದ 150 ರೂಪಾಯಿಯಲ್ಲಿ ಅರ್ಧದಷ್ಟು ಆಟೋಗೇ ಹೋಯಿತು. ಆಟೋದವರೊಂದಿಗೆ ಚೌಕಾಶಿ ಮಾಡಲಿಲ್ಲ, ಏಕೆಂದರೆ ಮೀಟರಿಗೂ ಬಾಯಿಲ್ಲ.

ಅಂದಿನಿಂದ ಆ ಮಾತು ತಲೆಯಲ್ಲಿ ಕೂತಿದೆ. ಕೈಯಲ್ಲಿ ಮಾಡಿದ ವಸ್ತುವೆಂದರೆ ನಮಗೆ ಏಕೆ ಇಷ್ಟೊಂದು ಮರುಳು? ಮರುಳಿದ್ದೂ ಮಾಡಿದವರ ಮುಂದೆ ನಿಂತಾಗ ಏಕೆ ಅಷ್ಟೊಂದು ಜಿಪುಣತನ? ಈ ಎರಡೂ ಒಂದೇ ಮನಸ್ಸಿನಲ್ಲಿ ಹೇಗೆ ಜಾಗ ಮಾಡಿಕೊಂಡಿವೆ?

ಅಂದು ನಾನು ಸುಮ್ಮನೆ ನಿಂತು ನೋಡಿದ್ದನ್ನು ಮೊದಲು ಹೇಳುತ್ತೇನೆ. ಬಿದಿರಿನ ಸೀಳು ಎಲ್ಲವೂ ಒಂದೇ ಅಲ್ಲ. ಹೊರಗಿನ ಹಸಿರು ಸಿಪ್ಪೆಯ ಭಾಗ ಗಟ್ಟಿ, ಬಾಗಿಸಿದರೂ ಮುರಿಯುವುದಿಲ್ಲ. ಒಳಗಿನ ಬಿಳಿಯ ಭಾಗ ಮೆತ್ತಗೆ, ಬೇಗ ಹುಳು ಹಿಡಿಯುತ್ತದೆ. ಆಕೆ ಒಂದು ಸೀಳನ್ನು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಸಿಕ್ಕಿಸಿಕೊಂಡು, ತುದಿಯಲ್ಲಿ ಕತ್ತಿಯಿಂದ ಒಂದು ಗೀರು ಹಾಕಿ, ಆಮೇಲೆ ಕತ್ತಿಯನ್ನು ಬದಿಗಿಟ್ಟು ಬರಿಗೈಯಲ್ಲಿ ಎರಡು ಕಡೆಗೂ ಎಳೆಯುತ್ತಿದ್ದರು. ಸೀಳು ಉದ್ದಕ್ಕೂ ಎರಡಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತಿತ್ತು. ಒಂದು ಕಡೆ ದಪ್ಪವಾಗುತ್ತಿದೆ ಎನ್ನಿಸಿದರೆ ಆ ಕಡೆಗೆ ಕೈಯನ್ನು ಕೊಂಚ ಹೆಚ್ಚು ಬಾಗಿಸುತ್ತಿದ್ದರು. ಸೀಳು ಮತ್ತೆ ನಡುವಿಗೆ ಬರುತ್ತಿತ್ತು. ಕಣ್ಣು ಅಲ್ಲಿರಲಿಲ್ಲ. ಪಕ್ಕದವಳ ಮಗಳ ಮದುವೆಯ ಮಾತು ನಡೆಯುತ್ತಿತ್ತು. ದಪ್ಪ ತೆಳುವನ್ನು ನೋಡುತ್ತಿದ್ದುದು ಬೆರಳು.

ನಮ್ಮ ತವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ವರ್ಷಕ್ಕೆ ಎರಡು ಸಲ ಬರುತ್ತಿದ್ದ, ಬಿದಿರು ಹೆಣೆಯುವ ಕುಲದ ಮೇದ ಜಗುಲಿಯ ಕೆಳಗೆ ಕುಳಿತು ಹಳೆಯ ಮೊರ, ಕುಕ್ಕೆಗಳನ್ನು ಸರಿಮಾಡಿ, ಹೊಸದನ್ನು ಕೊಟ್ಟು, ರಾಗಿ ಅಳೆಸಿಕೊಂಡು ಹೋಗುತ್ತಿದ್ದ. ಮೊರ ಬಂದ ದಿನ ಅವ್ವ ಮೆಂತ್ಯವನ್ನೂ ಹಳೆಯ ಪೇಪರನ್ನೂ ನೆನೆಹಾಕುತ್ತಿದ್ದಳು. ಮಾರನೆಯ ದಿನ ಎರಡನ್ನೂ ಒರಳಿನಲ್ಲಿ ರುಬ್ಬಿ ಮೊರಕ್ಕೆ ಬಳಿದು ಬಿಸಿಲಿಗೆ ಇಡುತ್ತಿದ್ದಳು. ಸಂದುಗಳೆಲ್ಲ ಮುಚ್ಚಿಕೊಂಡು ಮೊರ ಗಟ್ಟಿಯಾಗುತ್ತಿತ್ತು. ಅಲ್ಲಿಗೆ ಆ ಮೊರಕ್ಕೆ ಎರಡು ಕೈ ಸೇರಿದಂತಾಯಿತು, ಹೆಣೆದವನದೊಂದು, ಬಳಿದವಳದೊಂದು. ಅಂಥ ಮೊರದಲ್ಲಿ ರಾಗಿ ಕೇರಿದರೆ ಹೊಟ್ಟು ಮುಂದಕ್ಕೆ ಜಾರಿ ಹಾರುತ್ತದೆ, ಕಾಳು ಹೆಣಿಗೆಯ ಒರಟಿಗೆ ಸಿಕ್ಕಿ ಹಿಂದೆ ನಿಲ್ಲುತ್ತದೆ. ಪ್ಲಾಸ್ಟಿಕ್ ಮೊರದಲ್ಲಿ ಕೇರಿ ನೋಡಿ, ಕಾಳೂ ಹೊಟ್ಟೂ ಒಟ್ಟಿಗೇ ಜಾರಿಕೊಂಡು ಹೊರಡುತ್ತವೆ.

ಆದರೆ ನಾನು ಐದು ಜೊತೆ ಕೊಂಡದ್ದು ಕೇರುವುದಕ್ಕಲ್ಲ. ನಮ್ಮ ಅಡುಗೆಮನೆಯಲ್ಲಿ ಕೇರುವಂಥದ್ದು ಏನೂ ಉಳಿದಿಲ್ಲ. ಅಕ್ಕಿ ಕಲ್ಲಿಲ್ಲದೆ ಬರುತ್ತದೆ, ರಾಗಿ ಹಿಟ್ಟಾಗಿಯೇ ಬರುತ್ತದೆ. ಮೊರ ಬೇಕಾದದ್ದು ಬಾಗಿನಕ್ಕೆ. ಅರಿಶಿನ ಹಚ್ಚಿದ ಮೊರದಲ್ಲಿ ಅಕ್ಕಿ, ಬೇಳೆ, ಅಚ್ಚುಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡಬೇಕು. ಒಳಗಿನ ಬಾಚಣಿಗೆ ಪ್ಲಾಸ್ಟಿಕ್ ಆಗಿರಬಹುದು, ರವಿಕೆ ಕಣ ಪಾಲಿಯೆಸ್ಟರ್ ಆಗಿರಬಹುದು, ಯಾರೂ ಕೇಳುವುದಿಲ್ಲ. ಮೊರ ಮಾತ್ರ ಬಿದಿರಿನದೇ ಆಗಬೇಕು. ಒಂದು ವರ್ಷ ಪಕ್ಕದ ಮನೆಯವರು ಹಸಿರು ಪ್ಲಾಸ್ಟಿಕ್ ಮೊರದಲ್ಲಿ ಬಾಗಿನ ಕೊಟ್ಟಾಗ ತೆಗೆದುಕೊಂಡ ಮುತ್ತೈದೆಯರ ಮುಖ ನೋಡಬೇಕಿತ್ತು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜೋರಾಗಿ ಕೇಳಿಸಿತು.

ಇದಕ್ಕೆ ವಿದ್ವಾಂಸರ ಬಳಿ ಒಂದು ವಿವರಣೆ ಇದೆ. ಫುಕ್ಸ್, ಶ್ರೈಯರ್ ಮತ್ತು ವಾನ್ ಓಸೆಲಾರ್ ಎಂಬ ಮೂವರು ಮಾರುಕಟ್ಟೆ ಸಂಶೋಧಕರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈಯಲ್ಲಿ ಮಾಡಿದ್ದು ಎಂದು ಹೇಳಿದ ಮಾತ್ರಕ್ಕೆ ಜನ ವಸ್ತುವನ್ನು ಹೆಚ್ಚು ಮೆಚ್ಚುತ್ತಾರೆ. ಅದರೊಳಗೆ ಮಾಡಿದವರ ಪ್ರೀತಿ ಸೇರಿಕೊಂಡಿದೆ ಎಂದು ಅವರಿಗೆ ಅನ್ನಿಸುತ್ತದೆ. ಅದಕ್ಕೇ ದೂರದವರಿಗಿಂತ ತಮಗೆ ಪ್ರಿಯರಾದವರಿಗೆ ಕೊಡುವ ಉಡುಗೊರೆ ಕೈಯಲ್ಲಿ ಮಾಡಿದ್ದಾಗಿರಲಿ ಎಂದು ಬಯಸುತ್ತಾರೆ. ಅಧ್ಯಯನದ ಸಾರ ಇಷ್ಟು.

ಬಾಗಿನಕ್ಕೆ ಈ ಮಾತು ಒಪ್ಪುತ್ತದೆ ಎಂದು ಮೊದಲು ನನಗೂ ಅನ್ನಿಸಿತು. ಆದರೆ ಬಂಬೂ ಬಜಾರಿನ ಆಕೆಗೆ ನನ್ನ ಮೇಲೆ ಎಂಥ ಪ್ರೀತಿ? ಇಪ್ಪತ್ತೈದು ಜೊತೆ ಹೆಣೆದರೆ ಮೊಮ್ಮಗನ ಶಾಲೆಯ ಶುಲ್ಕಕ್ಕೆ ಆಗುತ್ತದೆ ಎನ್ನುವ ಲೆಕ್ಕ ಅವರದು. ಆ ಲೆಕ್ಕ ನ್ಯಾಯವಾದದ್ದು. ಮೊರದೊಳಗೆ ಅವರ ಪ್ರೀತಿ ಇದೆ ಎಂದು ನಾನು ಅಂದುಕೊಳ್ಳುವುದರಲ್ಲಿ ಏನೋ ಅನುಕೂಲ ಅಡಗಿದೆ. ಪ್ರೀತಿಗೆ ದುಡ್ಡು ಕೊಡುವ ಪದ್ಧತಿ ಇಲ್ಲವಲ್ಲ.

ನಮ್ಮ ಕಡೆ ಇದಕ್ಕಿಂತ ಹಳೆಯ ಮಾತೊಂದಿದೆ, ಕೈಗುಣ. ಉಪ್ಪಿನಕಾಯಿಯ ಭರಣಿಗೆ ಇಂಥವಳೇ ಕೈ ಹಾಕಬೇಕು, ಬೇರೆಯವರು ಮುಟ್ಟಿದರೆ ಬೂಸಲು ಬರುತ್ತದೆ. ಬಿತ್ತನೆಯ ಮೊದಲ ಹಿಡಿ ಇಂಥವನೇ ಹಾಕಬೇಕು. ಅದೇ ಮಾತ್ರೆ, ಆದರೂ ಆ ಡಾಕ್ಟರ ಕೈಗುಣ ಚೆನ್ನಾಗಿದೆ. ನಂಬುವುದು ಬಿಡುವುದು ಬೇರೆ ಮಾತು. ಆದರೆ ಕೈಗುಣ ಎನ್ನುವಾಗ ನಾವು ಯಾವತ್ತೂ ಬರೀ ಕೈಯ ಬಗ್ಗೆ ಹೇಳುವುದಿಲ್ಲ, ಇಂಥವರ ಕೈ ಎಂದೇ ಹೇಳುತ್ತೇವೆ. ಕೈಗೆ ಒಡೆಯರಿರುತ್ತಾರೆ. ಅಂಗಡಿಯ ಹಲಗೆಯ ಮೇಲೆ ಬರೆದಿರುವ 'ಕರಕುಶಲ' ಎಂಬ ಮಾತಿನಲ್ಲಿ ಆ ಒಡೆಯರು ಕಾಣೆಯಾಗಿದ್ದಾರೆ. ಯಾರದೋ ಕರ, ಎಲ್ಲಿಯದೋ ಕುಶಲ.

ಕೈ ಎಂದರೆ ಅಳತೆ ಕೂಡ ಹೌದು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವವರು ಹೂವನ್ನು ಮೊಳದ ಲೆಕ್ಕದಲ್ಲಿ ಅಳೆಯುತ್ತಾರೆ. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿ, ಮಾರು ಎಂದರೆ ಚಾಚಿದ ಎರಡು ತೋಳಿನ ಉದ್ದ. ಕಟ್ಟಿದ್ದೂ ಕೈ, ಅಳೆಯುವುದೂ ಅದೇ ಕೈ. ಮಾರುವವರು ಕುಳ್ಳಗಿದ್ದರೆ ಮೊಳ ಸಣ್ಣದು. ನನ್ನ ಅತ್ತೆಯವರು ಉದ್ದ ಕೈಯ ಹೂವಾಡಗಿತ್ತಿಯನ್ನೇ ಹುಡುಕಿಕೊಂಡು ಮಾರುಕಟ್ಟೆಯ ಆ ತುದಿಯವರೆಗೂ ಹೋಗುತ್ತಿದ್ದರು. ಹೂವು ಕಟ್ಟುವುದನ್ನು ಯಾರೂ ಕರಕುಶಲ ಎಂದು ಕರೆದದ್ದನ್ನು ನಾನು ಕೇಳಿಲ್ಲ. ನಾಲ್ಕು ಮೊಗ್ಗು ಜೋಡಿಸಿ, ಬಾಳೆನಾರನ್ನು ಒಂದು ಸುತ್ತು ತಂದು, ಬೆರಳಿನಲ್ಲೇ ಕುಣಿಕೆ ಮಾಡಿ ಎಳೆಯುವ ಆ ಕೆಲಸವನ್ನು ಒಮ್ಮೆ ನೀವೂ ಮಾಡಿ ನೋಡಿ. ನಾನು ಕಟ್ಟಿದ ಮಾಲೆಯಲ್ಲಿ ಬಿಗಿಯಾದ ಕಡೆ ಕತ್ತು ಮುರಿದ ಮೊಗ್ಗುಗಳು, ಸಡಿಲವಾದ ಕಡೆ ಬರೀ ನಾರು.

ಮಾಡುವ ಸುಖವನ್ನು ನಾನು ಅಲ್ಲಗಳೆಯುತ್ತಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಅಟ್ಟದ ಮೇಲಿದ್ದ ಪ್ಲಾಸ್ಟಿಕ್ ವೈರಿನ ಕಟ್ಟು ಕೈಗೆ ಸಿಕ್ಕಿತು. ನಾನು ಹುಡುಗಿಯಾಗಿದ್ದಾಗ ವೈರ್ ಬುಟ್ಟಿ ಹೆಣೆಯದ ಹೆಣ್ಣುಮಕ್ಕಳೇ ಇರಲಿಲ್ಲ. ಗಂಟು ಮರೆತುಹೋಗಿತ್ತು. ಮೊಬೈಲ್ ನೋಡಿಕೊಂಡು ಹನ್ನೊಂದು ದಿನ ಕೂತು ಒಂದು ಬುಟ್ಟಿ ಮುಗಿಸಿದೆ. ನೆಲದ ಮೇಲಿಟ್ಟರೆ ಎಡಕ್ಕೆ ವಾಲುತ್ತದೆ. ಒಂದು ಹಿಡಿ ಇನ್ನೊಂದಕ್ಕಿಂತ ಗಿಡ್ಡ. ಆದರೂ ಅದನ್ನು ಹಿಡಿದುಕೊಂಡು ತರಕಾರಿಗೆ ಹೋಗುವಾಗ ನನ್ನ ನಡಿಗೆಯೇ ಬೇರೆ. ಯಾರಾದರೂ 500 ರೂಪಾಯಿಗೆ ಕೇಳಿದರೂ ಕೊಡಲಾರೆ ಎಂದು ಮನಸ್ಸಿನಲ್ಲೇ ವ್ಯಾಪಾರ ಮುರಿದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಈ ಮರುಳಿಗೂ ವಿದ್ವಾಂಸರು ಹೆಸರಿಟ್ಟಿದ್ದಾರೆ, ಬಿಡಿಭಾಗಗಳನ್ನು ಕೊಟ್ಟು ಮನೆಯಲ್ಲೇ ಜೋಡಿಸಿಕೊಳ್ಳಿ ಎನ್ನುವ ಪೀಠೋಪಕರಣ ಕಂಪನಿಯ ಹೆಸರಿನಲ್ಲಿ, ಐಕಿಯಾ ಪರಿಣಾಮ ಎಂದು. ನಾರ್ಟನ್, ಮೊಶಾನ್ ಮತ್ತು ಏರಿಯಲಿ 2012ರಲ್ಲಿ ಪ್ರಕಟಿಸಿದ ಆ ಪ್ರಯೋಗಗಳಲ್ಲಿ ಕಾಗದ ಮಡಚಿ ಕೊಕ್ಕರೆ, ಕಪ್ಪೆ ಮಾಡಿದ ಹೊಸಬರು ತಮ್ಮ ಸುಕ್ಕು ಸುಕ್ಕು ಕೆಲಸಕ್ಕೆ ಹೆಚ್ಚುಕಡಿಮೆ ನುರಿತವರ ಕೆಲಸದಷ್ಟೇ ಬೆಲೆ ಕಟ್ಟಿದರು. ನೋಡುತ್ತಿದ್ದ ಬೇರೆಯವರು ಕಟ್ಟಲಿಲ್ಲ. ನನ್ನ ಮನೆಯಲ್ಲೂ ಇದೇ ಪ್ರಯೋಗ ನಡೆದಿದೆ. ನೆಂಟರು ಬರುವ ದಿನ ನನ್ನ ಯಜಮಾನರು ಆ ಬುಟ್ಟಿಯನ್ನು ಸದ್ದಿಲ್ಲದೆ ಬಾಗಿಲ ಹಿಂದಕ್ಕೆ ಸರಿಸುತ್ತಾರೆ.

ಬುಟ್ಟಿ ಪ್ಲಾಸ್ಟಿಕ್ಕಿನದು ಎಂಬುದನ್ನು ಗಮನಿಸಿದಿರಲ್ಲ? ಕೈಯಲ್ಲಿ ಮಾಡಿದ್ದೆಲ್ಲ ನಾರು, ಮಣ್ಣು, ಮರ ಎಂದು ನಾವು ಅಂದುಕೊಳ್ಳುತ್ತೇವೆ. ಕೈಯಲ್ಲಿ ಮಾಡಿದ್ದೆಲ್ಲ ಶುದ್ಧ ಎಂದೂ ಅಂದುಕೊಳ್ಳುತ್ತೇವೆ. ಮಂಡ್ಯದ ಆಲೆಮನೆಯ ಬೆಲ್ಲವೂ ಕೈಯದೇ. ಕೊಪ್ಪರಿಗೆಯ ಪಾಕ ಹದಕ್ಕೆ ಬಂತೇ ಎಂದು ಬೆರಳಲ್ಲಿ ಉರುಳಿಸಿ ನೋಡಿಯೇ ಇಳಿಸುವುದು. ಆದರೆ ಕೊಳ್ಳುವವರಿಗೆ ಬೆಳ್ಳಗಿನ ಬೆಲ್ಲ ಬೇಕು ಎನ್ನುವ ಒಂದೇ ಕಾರಣಕ್ಕೆ ಅದೇ ಪಾಕಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಬೀಳುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಕಸರು ತೆಗೆಯುತ್ತಿದ್ದ ಕೈಯೇ ಅದನ್ನೂ ಹಾಕುತ್ತದೆ. ಕೈಗೆ ತನ್ನಷ್ಟಕ್ಕೆ ತಾನೇ ನೀತಿ ಇರುವುದಿಲ್ಲ. ಕಪ್ಪು ಬೆಲ್ಲಕ್ಕೆ ಮುಖ ಸಿಂಡರಿಸಿದ ನಮಗೂ ಅದರಲ್ಲಿ ಪಾಲಿದೆ.

ಇನ್ನೊಂದು ಹೇಳಿಬಿಡಬೇಕು, ಇಲ್ಲದಿದ್ದರೆ ನಾನು ಹಳೆಯದೆಲ್ಲ ಚಂದ ಎನ್ನುವವಳ ಹಾಗೆ ಕಾಣುತ್ತೇನೆ. ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವುದು ಚಂದ್ರಿಕೆಯ ಮೇಲೆ. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಮಾಡಿದ ದೊಡ್ಡ ತಟ್ಟೆ ಅದು. ರೇಷ್ಮೆಯ ಮೇಲೆ ಕವಿತೆ ಬರೆಯುವವರಿಗೆ ಚಂದ್ರಿಕೆ ಎಂಬ ಹೆಸರೇ ಸಾಕು. ಅಪ್ಪಯ್ಯನಿಗೆ ಅದು ತಲೆನೋವು. ಹೊರಲು ಭಾರ, ಇಡಲು ಜಾಗವಿಲ್ಲ, ಹುಳುವಿಗೆ ರೋಗ ಬಂದರೆ ಬಿದಿರಿನ ಸಂದು ಸಂದನ್ನೂ ತೊಳೆದು ಔಷಧಿ ಹೊಡೆದು ಒಣಗಿಸಬೇಕು. ಮಡಚಿ ಇಡಬಹುದಾದ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಾಗ ನಮ್ಮ ಮನೆಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಪ್ಲಾಸ್ಟಿಕ್ ಬಿಂದಿಗೆ ಬಂದ ದಿನ ಅವ್ವ ತಾಮ್ರದ ಬಿಂದಿಗೆಯನ್ನು ಅಟ್ಟಕ್ಕೆ ಹಾಕಿ, "ಇವತ್ತಿಗೆ ನನ್ನ ಸೊಂಟ ನನ್ನದಾಯಿತು" ಎಂದಿದ್ದಳು. ಈಗ ಅದೇ ಬಿಂದಿಗೆಯನ್ನು ನಾನು ಹುಣಿಸೆಹಣ್ಣಿನಲ್ಲಿ ಉಜ್ಜಿ ಹಾಲ್‌ನಲ್ಲಿ ಇಟ್ಟಿದ್ದೇನೆ. ನೀರು ಹೊರುವ ಕೆಲಸ ಇಲ್ಲದವರಿಗೆ ಬಿಂದಿಗೆ ಬಹಳ ಸುಂದರವಾಗಿ ಕಾಣುತ್ತದೆ.

ಹಾಗಾದರೆ ಯಂತ್ರದಲ್ಲಿ ಮಾಡಿದ್ದನ್ನು ನಾವು ಗೌರವಿಸುವುದೇ ಇಲ್ಲವೇ? ಮೈಸೂರಿನವರ ಬೀರು ತೆರೆದರೆ ಉತ್ತರ ಸಿಗುತ್ತದೆ. ನನ್ನ ಧಾರೆ ಸೀರೆ ಮೈಸೂರು ರೇಷ್ಮೆಯದು. ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ, ವರ್ಷಕ್ಕೊಮ್ಮೆ ಮಡಿಕೆ ಬದಲಿಸುತ್ತೇನೆ. ನನ್ನ ಮಗಳು ಮೊನ್ನೆ ಅದನ್ನು ಗೆಳತಿಯರಿಗೆ ತೋರಿಸುತ್ತಾ ಕೈಮಗ್ಗದ ಸೀರೆ ಎಂದಳು. ಅಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಆರಂಭಿಸಿದ ಕಾರ್ಖಾನೆಯ ಪರಂಪರೆ ಅದು. ಇಂದಿಗೂ ಅದನ್ನು ನೇಯುವುದು ವಿದ್ಯುತ್ ಮಗ್ಗ. ಜರಿಯಲ್ಲಿ ಶೇಕಡ 65 ಬೆಳ್ಳಿ, ಶೇಕಡ 0.65 ಚಿನ್ನ. ಯಂತ್ರದ ಸೀರೆ ಎಂದು ಅದರ ಮರ್ಯಾದೆಗೆ ಎಳ್ಳಷ್ಟೂ ಕುಂದಿಲ್ಲ. ಹೊಸ ದಾಸ್ತಾನು ಬಂದಿತೆಂದರೆ ಬೆಳಗಿನ ಜಾವವೇ ಮಳಿಗೆಯ ಮುಂದೆ ಸಾಲು ನಿಲ್ಲುತ್ತದೆ.

ಆ ಸೀರೆಯ ಅಂಚಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಪ್ರತಿ ಸೀರೆಗೂ ಬೇರೆ ಬೇರೆ. ಇದು ನಮ್ಮದು, ಅನುಮಾನವಿದ್ದರೆ ಬಂದು ಕೇಳಿ ಎಂದು ಆ ಸಂಖ್ಯೆ ಹೇಳುತ್ತದೆ. ನನಗೆ ಅನ್ನಿಸುವುದು ಇಷ್ಟು. ಯಂತ್ರ ತನಗೆ ಹುಟ್ಟಿನಿಂದ ಇಲ್ಲದ ಒಂದು ಗುಣವನ್ನು ಸಂಖ್ಯೆ ಹೊಲಿಸಿಕೊಂಡು ಪಡೆದುಕೊಂಡಿದೆ. ಕುಂಬಾರನ ಮಡಕೆ ಸೋರಿದರೆ ಕುಂಬಾರನ ಮನೆಗೇ ಹೋಗಿ ಬೈದು ಬರಬಹುದಿತ್ತು. ಮೊರದ ಅಂಚು ಬಿಚ್ಚಿದರೆ ಮುಂದಿನ ಸಲ ಮೇದ ಬಂದಾಗ ಅವನ ಮುಂದೆ ಎಸೆಯಬಹುದಿತ್ತು. ಬೈಯುವುದಕ್ಕೆ ಒಬ್ಬರು ಇರುವುದು ಸಣ್ಣ ಸಂಗತಿಯಲ್ಲ. ಈಗ ಮಿಕ್ಸಿ ಕೆಟ್ಟರೆ ನಾನು ಬೈಯುವುದು ಫೋನಿನಲ್ಲಿ 'ಒಂದನ್ನು ಒತ್ತಿ' ಎನ್ನುವ ದನಿಯನ್ನು.

ಕೈಯ ಹೆಸರು ಹೇಳಿ ಮೋಸ ಮಾಡುವುದೂ ಕಲಿತಾಗಿದೆ. ನಾನೂ ಒಮ್ಮೆ ಟೋಪಿ ಹಾಕಿಸಿಕೊಂಡೆ. ಅಕ್ಕನ ಮಗ ಹೊಸ ಮನೆ ಕಟ್ಟಿಸಿದಾಗ ಉಡುಗೊರೆಗೆಂದು ಮೈಸೂರಿನ ಒಂದು ಅಂಗಡಿಯಲ್ಲಿ ಬೀಟೆಮರದ ಹಲಗೆಯ ಮೇಲೆ ಕುಸುರಿಯಲ್ಲಿ ಮಾಡಿದ ಅಂಬಾರಿ ಆನೆ ಕೊಂಡೆ. ಈ ಕುಸುರಿ ಕೆಲಸ ನಮ್ಮೂರಿನ ಹೆಮ್ಮೆ. ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಬೀಟೆಯೊಳಗೆ ಆನೆದಂತ ಕೂರಿಸಿರುವುದನ್ನು ನೋಡಿದ್ದೀರಿ. ದಂತದ ವ್ಯಾಪಾರ ನಿಷೇಧವಾದ ಮೇಲೆ ಕುಶಲಕರ್ಮಿಗಳು ಮರಕ್ಕೆ ಮರವನ್ನೇ ಕೂರಿಸುವುದರ ಕಡೆ ತಿರುಗಿದರು. ಹಲಸಿನ ಹಳದಿ, ಬೇರೆ ಬೇರೆ ಮರಗಳ ಬಿಳಿ, ಕೆಂಪು, ಕಂದು, ಎಲ್ಲ ಮರದ ಸ್ವಂತ ಬಣ್ಣವೇ. ನಕ್ಷೆಯನ್ನು ಕಾಗದದಲ್ಲಿ ಬರೆದು, ಕೂದಲೆಳೆಯಂಥ ಗರಗಸದಲ್ಲಿ ಚೂರು ಚೂರು ಕತ್ತರಿಸಿ, ಹಲಗೆಯಲ್ಲಿ ಅಷ್ಟೇ ಆಳ ಉಳಿಯಲ್ಲಿ ಕೆತ್ತಿ, ಅಂಟು ಹಾಕಿ ಕೂರಿಸಿ, ಉಜ್ಜಿ ಉಜ್ಜಿ ಸಮ ಮಾಡುವುದು. ನಾನು ಕೊಂಡ ಆನೆಯ ಕಿವಿಯ ಬಳಿ ಹಲಗೆಯ ಮೇಲೆ ಉಳಿ ಜಾರಿದ ಒಂದು ಸಣ್ಣ ಗೀರಿತ್ತು. ನನಗೆ ಅದೇ ಇಷ್ಟವಾಯಿತು. ಅಂಗಡಿಯವರೂ ಅದನ್ನೇ ಬೆರಳಿಟ್ಟು ತೋರಿಸಿ, ಕೈಕೆಲಸಕ್ಕೆ ಇದೇ ಸಾಕ್ಷಿ ಎಂದರು. ಒಂದು ತಿಂಗಳ ಮೇಲೆ ಗೆಳತಿಯೊಬ್ಬಳ ಮನೆಯ ಗೋಡೆಯ ಮೇಲೆ ಅದೇ ಆನೆ. ಅದೇ ಕಿವಿಯ ಬಳಿ, ಅದೇ ಉದ್ದ, ಅದೇ ಓರೆಯ ಅದೇ ಗೀರು.

ಕುಸುರಿಯಲ್ಲ, ಹಲಗೆಗೆ ಮುದ್ರಿಸಿದ ಹಾಳೆ ಅಂಟಿಸಿದ್ದು. ತಪ್ಪನ್ನು ಸಹ ಅಚ್ಚು ಹಾಕುತ್ತಾರೆ ಎಂದು ಅಂದು ತಿಳಿಯಿತು. ಅಕ್ಕನ ಮಗನಿಗೆ ಇಂದಿಗೂ ಹೇಳಿಲ್ಲ. ಅವನು ಈ ಬರಹ ಓದುವುದಿಲ್ಲ ಎಂಬ ಧೈರ್ಯ.

ಈ ಗೀರಿನ ನೆನಪಾದಾಗಲೆಲ್ಲ ನನಗೆ ಇನ್ನೊಬ್ಬರ ನೆನಪಾಗುತ್ತದೆ. ಮದುವೆಯಾದ ಹೊಸದರಲ್ಲಿ ನಾವು ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ಎದುರು ಮನೆಯ ಅಕ್ಕ ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿ ಮತ್ತು ಜಿಗಟು ಕಲಸಿದ ಕಪ್ಪು ಹಿಟ್ಟಿನ ಮುದ್ದೆ, ಬಿದಿರಿನ ಕಡ್ಡಿಯ ಕಟ್ಟು, ಮುಂದೆ ಗಿಡ್ಡನೆಯ ಒಂದು ಮಣೆ. ಚಿಟಿಕೆ ಹಿಟ್ಟನ್ನು ಕಡ್ಡಿಗೆ ಅಂಟಿಸಿ ಅಂಗೈಯಲ್ಲಿ ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ಉರುಳಿಸಿದರೆ ಬತ್ತಿ ತಯಾರು. ನಾನು ಒಂದು ಹೊಸೆಯುವಷ್ಟರಲ್ಲಿ ಅವರದು ಹತ್ತು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗ, ಸಾರು ಕುದಿಯುವಾಗ, ನನ್ನೊಂದಿಗೆ ಮಾತನಾಡುವಾಗ, ಅಂಗೈ ಮಾತ್ರ ನಿಲ್ಲುತ್ತಿರಲಿಲ್ಲ. ಕೈ ಎಷ್ಟು ತೊಳೆದರೂ ಅಂಗೈ ಗೆರೆಗಳ ಕಪ್ಪು ಹೋಗುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುತ್ತಿದ್ದರು.

ಶನಿವಾರ ಗುತ್ತಿಗೆದಾರನ ಕಡೆಯವನು ಬಂದು ಕಟ್ಟು ಬಿಚ್ಚಿ ನೋಡುತ್ತಿದ್ದ. ಒಂದು ದಿನ ಎರಡು ಸಾವಿರ ಬತ್ತಿಯನ್ನು ಬದಿಗೆ ತೆಗೆದಿಟ್ಟ. "ಒಂದೇ ದಪ್ಪ ಇಲ್ಲ" ಎಂದ. ಎರಡು ಸಾವಿರಕ್ಕೂ ಕೂಲಿ ಇಲ್ಲ.

ನಾನು ಆನೆಯ ಕಿವಿಯ ಬಳಿಯ ಗೀರಿಗೆ ಹೆಚ್ಚು ದುಡ್ಡು ಕೊಟ್ಟೆ. ಆ ಅಕ್ಕನ ಕೈಯ ಏರುಪೇರಿಗೆ ಕೂಲಿ ಮುರಿದರು. ಎರಡೂ ಕೈಯ ಗುರುತೇ, ಮೊದಲನೆಯದು ನಕಲಾದರೂ. ಒಂದು ಗೋಡೆಯ ಮೇಲೆ ನೇತುಹಾಕುವಂಥದ್ದು, ಇನ್ನೊಂದು ಸುಟ್ಟು ಬೂದಿಯಾಗುವಂಥದ್ದು. ಮೈಸೂರಿನ ಊದುಬತ್ತಿ ದೇಶ ವಿದೇಶಕ್ಕೆ ಹೋಗುತ್ತದೆ. ಪೊಟ್ಟಣದ ಮೇಲೆ ಗಂಧ, ಮಲ್ಲಿಗೆ, ದೇವರು, ಅರಮನೆ ಎಲ್ಲ ಇರುತ್ತವೆ. ಅಂಗೈ ಇರುವ ಪೊಟ್ಟಣವನ್ನು ನಾನು ಕಂಡಿಲ್ಲ. ಕೈಕೆಲಸಕ್ಕೆ ನಾವು ಬೆಲೆ ಕೊಡುತ್ತೇವೆ ಎನ್ನುವುದು ಪೂರ್ತಿ ನಿಜವಲ್ಲ. ಯಾವ ಕೈಯನ್ನು ನೋಡಬೇಕೆಂದು ತೀರ್ಮಾನಿಸಿದ್ದೇವೆಯೋ ಅದಕ್ಕೆ ಮಾತ್ರ ಕೊಡುತ್ತೇವೆ.

ಗಾಂಧೀಜಿ ಈ ತೀರ್ಮಾನವನ್ನೇ ಬದಲಿಸಲು ನೋಡಿದರು ಎಂದು ನನಗೆ ಅನ್ನಿಸುತ್ತದೆ. ಕೊಳ್ಳುವವರ ಕೈಗೇ ಚರಕ ಕೊಟ್ಟರು. ನೂತು ನೋಡಿದವನು ನೂಲಿನ ಮುಂದೆ ಅಷ್ಟು ಸುಲಭವಾಗಿ ಚೌಕಾಶಿ ಮಾಡಲಾರ. 1927ರಲ್ಲಿ ಅವರು ಬಂದು ಹೋದ ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ ನಾನೂ ಹೋಗಿದ್ದೇನೆ. ಹಂಚಿನ ಸಾಲು ಕಟ್ಟಡಗಳು, ಮರಗಳ ನೆರಳು, ನೂಲುತ್ತಿದ್ದ ಕೆಲವೇ ಹೆಂಗಸರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಯೇ ಸತ್ಯಾಗ್ರಹ ನಡೆಸಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ತೆರಿಗೆಯೇ ಬೇಡವೆಂದು ಉಪವಾಸವನ್ನೂ ಮಾಡಿದರು. ನಾನು ಅಲ್ಲಿಂದ ಎರಡು ಟವೆಲ್ಲು ತಂದೆ. ಮನೆಗೆ ಬಂದು ಬೆಲೆ ಹೇಳಿದಾಗ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ, "ಇದರಲ್ಲಿ ನನಗೆ ನಾಲ್ಕು ಟವೆಲ್ಲು ಬರುತ್ತದೆ" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ದುಡಿಯುವ ಒಂದು ಕೈಯ ಬಟ್ಟೆಯನ್ನು ದುಡಿಯುವ ಇನ್ನೊಂದು ಕೈ ಕೊಳ್ಳಲಾಗುವುದಿಲ್ಲ. ನನ್ನಂಥ ಸಂಬಳದವಳು ಕೊಂಡು, ಅದರ ಬಗ್ಗೆ ಬರೆಯುತ್ತಾಳೆ.

ಹಬ್ಬ ಮುಗಿದ ವಾರ ನಾನು ಮತ್ತೆ ಬಂಬೂ ಬಜಾರಿಗೆ ಹೋದೆ. ಈ ಸಲ ಅವ್ವನ ಮೊರ ತೆಗೆದುಕೊಂಡು ಹೋಗಿದ್ದೆ. ಅವ್ವ ಹೋಗಿ ಆರು ವರ್ಷವಾಯಿತು. ಊರ ಮನೆ ಕೆಡವಿಸುವಾಗ ಅಟ್ಟದಲ್ಲಿ ಸಿಕ್ಕ ಮೊರ ಅದು. ಅಣ್ಣ ಒಲೆಗೆ ಹಾಕಲು ಹೊರಟಿದ್ದ, ನಾನು ಕಿತ್ತುಕೊಂಡು ಬಂದಿದ್ದೆ. ಮೆಂತ್ಯದ ಬಳಿತ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಒಂದು ಚಕ್ಕೆಯಲ್ಲಿ ಪೇಪರಿನ ಎರಡು ಅಕ್ಷರ ಇನ್ನೂ ಓದಲು ಬರುತ್ತಿತ್ತು. ಅಂಚು ಒಂದು ಗೇಣಿನಷ್ಟು ಬಿಚ್ಚಿಕೊಂಡಿತ್ತು.

ಅದೇ ಹೆಂಗಸು ಅದೇ ಜಾಗದಲ್ಲಿ ಕುಳಿತಿದ್ದರು. ರಾಶಿ ಕರಗಿತ್ತು. ನನ್ನ ಗುರುತು ಹಿಡಿದು, "150ರ ಅಮ್ಮ" ಎಂದರು. ಮೊರವನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು, ಬೆನ್ನ ಕಡೆ ನೋಡಿದರು, ಅಂಚಿನ 
ಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ತಿರುಗಿಸಿದರು. ತಮ್ಮ ಸೊಸೆಯನ್ನು ಕರೆದು ತೋರಿಸಿದರು.

"ಇದು ನಮ್ಮ ಕೈ ಅಲ್ಲ" ಎಂದರು.

ಅಲ್ಲ, ಪಾಂಡವಪುರದ ಕಡೆಯದು ಎಂದೆ.

"ಊರಿನ ಮಾತಲ್ಲ ಅಮ್ಮ. ಕಟ್ಟು ಉಲ್ಟಾ ಸುತ್ತಿದೆ ನೋಡಿ. ಇದನ್ನು ಕಟ್ಟಿದವರು ಎಡಗೈಯವರು. ನಾನು ಕಟ್ಟಿದರೆ ಸುತ್ತು ಈ ಕಡೆಗೆ ಹೋಗುತ್ತದೆ, ಇಲ್ಲಿ ಒಂದು ಗಂಟು ಕಾಣುತ್ತದೆ. ಪರವಾಗಿಲ್ಲವೇ?"

ಪರವಾಗಿಲ್ಲ ಎಂದೆ. ಅವರು ನೆನೆಸಿಟ್ಟಿದ್ದ ಸೀಳೊಂದನ್ನು ತೆಗೆದು ಕಟ್ಟತೊಡಗಿದರು. ನಾನು ಪಕ್ಕದಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ನಮ್ಮೂರಿಗೆ ಮೊರ ತರುತ್ತಿದ್ದರಲ್ಲ, ಅವರು ಎಡಚರೇ?"

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ. ಹಿಂದೆ ಟ್ರ್ಯಾಕ್ಟರಿನ ಸದ್ದು ಕೇಳಿಸುತ್ತಿತ್ತು.

"ಹೌದು ಕಣವ್ವ. ಎಡಗೈಯಲ್ಲೇ ಕತ್ತಿ ಹಿಡಿಯುತ್ತಿದ್ದ. ನಾನು ಅವನನ್ನು ಅಣಕಿಸಿ ಅಪ್ಪಯ್ಯನ ಹತ್ತಿರ ಏಟು ತಿಂದಿದ್ದೆನಲ್ಲ. ಈಗ ಅದೇಕೆ?"

"ಏನಿಲ್ಲ. ಅವರ ಹೆಸರೇನು?"

"ಹೆಸರೇ?" ಎಂದ ಅಣ್ಣ. ಟ್ರ್ಯಾಕ್ಟರ್ ನಿಂತಿತು. "ಮೇದ ಬಂದ ಎನ್ನುತ್ತಿದ್ದೆವು. ಮೇದ ಹೋದ ಎನ್ನುತ್ತಿದ್ದೆವು. ಅವ್ವನಿಗೆ ಗೊತ್ತಿತ್ತೋ ಏನೋ."